ಪಟ್ಟ ಯಾರಿಗೆ, ಮಗನಿಗೋ ಮಗಳಿಗೋ?

"ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಒಬ್ಬಳೇ ಮಗಳು..." ಎಂದು ನೀವು ರಾತ್ರಿ ಮಕ್ಕಳಿಗೆ ಕಥೆ ಶುರು ಮಾಡಿದ್ದೀರಿ ಎನ್ನಿ. ಮುಂದೆ ಏನಾಗುತ್ತದೆಂದು ನಿಮಗೂ ಗೊತ್ತು, ಮಕ್ಕಳಿಗೂ ಗೊತ್ತು. ರಾಜನಿಗೆ ವಯಸ್ಸಾಗುತ್ತದೆ. ಡಂಗುರ ಸಾರಿಸುತ್ತಾನೆ. ರಾಕ್ಷಸನನ್ನು ಕೊಂದು ಬಂದವನಿಗೆ ಅರ್ಧ ರಾಜ್ಯ, ಜತೆಗೆ ಮಗಳು! ಇಲ್ಲವೇ ಪಟ್ಟದ ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬೀದಿಗೆ ಬಿಡುತ್ತಾರೆ. ಆನೆ ಯಾರ ಕೊರಳಿಗೆ ಮಾಲೆ ಹಾಕುತ್ತದೋ ಅವನೇ ರಾಜ. ಊರಾಚೆ ಮರದ ಕೆಳಗೆ ಮಲಗಿದ್ದ ಬಡ ಹುಡುಗನ ಅದೃಷ್ಟ ಖುಲಾಯಿಸುತ್ತದೆ. ಆದರೆ ಅರಮನೆಯಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲಿನ ಕಷ್ಟಸುಖವನ್ನೆಲ್ಲ ಕಂಡ ಆ ಒಬ್ಬಳೇ ಮಗಳ ಕೊರಳಿಗೆ ಆನೆ ಮಾಲೆ ಹಾಕಿದ ಕಥೆಯನ್ನು ನೀವು ಕೇಳಿದ್ದೀರಾ?

ಅಪರೂಪ, ಅಲ್ಲವೇ? ಕಥೆಯ ರಾಜ್ಯಕ್ಕೂ ಒಂದು ಕಾನೂನು ಉಂಟು. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಕಥೆ ಹೇಳುವವರೂ ಕೇಳುವವರೂ ಅದನ್ನು ಮೀರುವುದಿಲ್ಲ. ಈ ಕಾನೂನು ಎಲ್ಲಿಂದ ಬಂತು? ನಿಜವಾದ ಅರಮನೆಗಳಲ್ಲಿ ಪಟ್ಟ ಯಾರಿಗೆ ಸಿಗುತ್ತಿತ್ತು? ಮಗಳಿಗೆ ಸಿಕ್ಕಿದ್ದುಂಟೆ? ಬನ್ನಿ, ಕೈಕೆಲಸ ಸ್ವಲ್ಪ ಪಕ್ಕಕ್ಕಿಟ್ಟು ಒಂದಿಷ್ಟು ಅರಮನೆಗಳ ಹೊಸಿಲು ದಾಟಿ ಬರೋಣ. ನಮ್ಮ ನಿಮ್ಮ ಮನೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ, ಕೊನೆಯಲ್ಲಿ ನಿಮಗೇ ಗೊತ್ತಾಗುತ್ತದೆ.

ಚಿತ್ರಾಂಗದೆಯ ತಂದೆ ಹಾಕಿದ ಷರತ್ತು

ರಾಜಕುಮಾರ್ ಅವರ 'ಬಬ್ರುವಾಹನ' ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. 1977ರಲ್ಲಿ ಬಂದ ಆ ಚಿತ್ರದಲ್ಲಿ ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಅಪ್ಪ ಮಗನ ಜಗಳ ನಮಗೆ ನೆನಪಿದೆ. ಆದರೆ ಅರ್ಜುನನ ಮಗ ಹಸ್ತಿನಾಪುರದಲ್ಲಿ ಬೆಳೆಯದೆ ತಾಯಿಯ ಊರಿನಲ್ಲೇ ರಾಜನಾದದ್ದು ಹೇಗೆ ಎಂದು ಎಂದಾದರೂ ಯೋಚಿಸಿದ್ದೀರಾ?

ಮಹಾಭಾರತದ ಆದಿಪರ್ವದಲ್ಲಿ ಅದಕ್ಕೆ ಉತ್ತರವಿದೆ. ಚಿತ್ರಾಂಗದೆಯ ತಂದೆ ಚಿತ್ರವಾಹನನ ವಂಶದಲ್ಲಿ ತಲೆಮಾರಿಗೆ ಒಂದೇ ಮಗು. ಹಿಂದಿನವರಿಗೆಲ್ಲ ಗಂಡು ಹುಟ್ಟಿತ್ತು, ಇವನಿಗೆ ಹೆಣ್ಣು ಹುಟ್ಟಿತು. ಅರ್ಜುನ ಬಂದು ಹೆಣ್ಣು ಕೇಳಿದಾಗ ಅವನು ಒಂದು ಷರತ್ತು ಹಾಕಿದ: "ಇವಳನ್ನು ನಾನು ಮಗನೆಂದೇ ಎಣಿಸಿದ್ದೇನೆ. ಇವಳಿಗೆ ಹುಟ್ಟುವ ಮಗ ನನ್ನ ವಂಶಕ್ಕೆ ಸೇರಬೇಕು." ಅರ್ಜುನ ಒಪ್ಪಿದ. ಹೀಗೆ ಮಗನ ಸ್ಥಾನದಲ್ಲಿಟ್ಟ ಮಗಳನ್ನು ಧರ್ಮಶಾಸ್ತ್ರದವರು 'ಪುತ್ರಿಕಾ' ಎಂದು ಕರೆದರು, ಅವಳ ಮಗ 'ಪುತ್ರಿಕಾಪುತ್ರ'.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮಗಳನ್ನು ಮಗನೆಂದು ಎಣಿಸಿದ ತಂದೆ ಪಟ್ಟವನ್ನು ಮಾತ್ರ ಅವಳಿಗೆ ಕಟ್ಟಲಿಲ್ಲ. ಅವಳನ್ನು ಸೇತುವೆ ಮಾಡಿದ. ಈ ದಡದಲ್ಲಿ ಅಜ್ಜ, ಆ ದಡದಲ್ಲಿ ಮೊಮ್ಮಗ, ನಡುವೆ ಅವಳು! ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ನಿರ್ಧಾರ, ಆಮೇಲೆ ಕಾನೂನು

ಈಗ ಫ್ರಾನ್ಸಿಗೆ ಹೋಗೋಣ. 1316ರಲ್ಲಿ ಅಲ್ಲಿನ ದೊರೆ ಹತ್ತನೆಯ ಲೂಯಿ ತೀರಿಕೊಂಡ. ಮೊದಲ ಹೆಂಡತಿಯಲ್ಲಿ ಅವನಿಗೊಬ್ಬಳು ಮಗಳಿದ್ದಳು. ಹೆಸರು ಜ್ಯಾನ್, ವಯಸ್ಸು ನಾಲ್ಕು. ಎರಡನೆಯ ಹೆಂಡತಿ ಆಗ ಬಸುರಿ. ಇಡೀ ದೇಶ ಆ ಹೆರಿಗೆಗಾಗಿ ಕಾದು ಕುಳಿತಿತು. ಗಂಡು ಮಗುವೇ ಹುಟ್ಟಿತು, ಹುಟ್ಟುತ್ತಲೇ ರಾಜನಾಯಿತು, ಐದೇ ದಿನಕ್ಕೆ ಕಣ್ಮುಚ್ಚಿತು.

ಉಳಿದವಳು ಆ ಪುಟ್ಟ ಹುಡುಗಿ. ಆದರೆ ಅವಳ ಚಿಕ್ಕಪ್ಪ ಫಿಲಿಪ್ ಸುಮ್ಮನಿರಲಿಲ್ಲ. ಬೇಗ ಬೇಗ ಕಿರೀಟಧಾರಣೆ ಮಾಡಿಸಿಕೊಂಡ. ಆಮೇಲೆ, 1317ರಲ್ಲಿ, ಪ್ಯಾರಿಸ್ಸಿನಲ್ಲಿ ದೊಡ್ಡವರ ಸಭೆ ಸೇರಿಸಿ "ಫ್ರಾನ್ಸಿನ ಸಿಂಹಾಸನಕ್ಕೆ ಹೆಣ್ಣು ಬರುವಂತಿಲ್ಲ" ಎಂದು ಹೇಳಿಸಿದ. ಇದಕ್ಕೆ ಆಧಾರವೆಂದು 'ಸ್ಯಾಲಿಕ್ ಕಾನೂನು' ಎಂಬ ಬಹು ಪುರಾತನ ಕಟ್ಟಳೆಯನ್ನು ಪಂಡಿತರು ಹುಡುಕಿ ತಂದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ನೋಡಿದಿರಾ? ಮೊದಲು ಕುರ್ಚಿ ಹಿಡಿದರು, ಆಮೇಲೆ ಸಭೆ ಒಪ್ಪಿತು, ಕೊನೆಗೆ ಶಾಸ್ತ್ರ ಸಿಕ್ಕಿತು! "ಹಿಂದಿನಿಂದಲೂ ಹೀಗೇ ನಡೆದುಬಂದಿದೆ" ಎಂದು ಯಾರಾದರೂ ಹೇಳಿದಾಗ, "ಎಷ್ಟು ಹಿಂದಿನಿಂದ?" ಎಂದು ಕೇಳುವುದು ತಪ್ಪಲ್ಲ ಅನ್ನುವುದು ಇದಕ್ಕೇ.

ಇನ್ನೊಂದು ತಮಾಷೆ. ಪಕ್ಕದ ಪುಟ್ಟ ರಾಜ್ಯ ನವಾರ್‌ನಲ್ಲಿ ಹೆಣ್ಣುಮಕ್ಕಳಿಗೂ ಹಕ್ಕಿತ್ತು. ಹಾಗಾಗಿ ಫ್ರಾನ್ಸ್ ಬೇಡವೆಂದ ಅದೇ ಜ್ಯಾನ್ 1328ರಲ್ಲಿ ನವಾರ್‌ನ ರಾಣಿಯಾದಳು. ಹುಡುಗಿ ಒಬ್ಬಳೇ. ಗಡಿಯ ಈಚೆ ಅವಳು ಯೋಗ್ಯಳಲ್ಲ, ಆಚೆ ಯೋಗ್ಯಳು!

ಅದೇ 1328ರಲ್ಲಿ ಫ್ರಾನ್ಸಿನ ಆ ಮನೆತನದಲ್ಲಿ ಗಂಡು ಸಂತಾನವೇ ಮುಗಿಯಿತು. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ "ನನ್ನ ತಾಯಿ ಫ್ರಾನ್ಸಿನ ರಾಜಪುತ್ರಿ, ಪಟ್ಟ ನನಗೆ ಬರಬೇಕು" ಎಂದ. ಫ್ರಾನ್ಸಿನವರು "ಹೆಣ್ಣು ಪಟ್ಟಕ್ಕೆ ಬರುವಂತಿಲ್ಲ, ಪಟ್ಟವನ್ನು ಮಗನಿಗೆ ದಾಟಿಸುವಂತೆಯೂ ಇಲ್ಲ" ಎಂದರು. ಅಂದರೆ ಚಿತ್ರಾಂಗದೆಗೆ ಸಿಕ್ಕ ಸೇತುವೆಯ ಸ್ಥಾನವೂ ಅಲ್ಲಿ ಇಲ್ಲ. 1337ರಿಂದ 1453ರವರೆಗೆ ಎರಡೂ ದೇಶಗಳ ನಡುವೆ ಬಿಟ್ಟು ಬಿಟ್ಟು ನಡೆದ ಯುದ್ಧದ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅದನ್ನೇ ಚರಿತ್ರೆಯಲ್ಲಿ ನೂರು ವರ್ಷಗಳ ಯುದ್ಧ ಎನ್ನುತ್ತಾರೆ.

ವಿಕ್ಟೋರಿಯಾ ರಾಣಿಯ ಹೆಸರು ಯಾರಿಗೆ ಗೊತ್ತಿಲ್ಲ? 1837ರಲ್ಲಿ ಹದಿನೆಂಟರ ಹರೆಯದಲ್ಲಿ ಆಕೆಗೆ ಪಟ್ಟವಾಯಿತು. ಆಗಿನವರೆಗೆ, ಅಂದರೆ 1714ರಿಂದ, ಇಂಗ್ಲೆಂಡಿಗೂ ಜರ್ಮನಿಯ ಹ್ಯಾನೋವರ್‌ಗೂ ಒಬ್ಬನೇ ದೊರೆ. ಆದರೆ ಹ್ಯಾನೋವರ್‌ನಲ್ಲಿ ಗಂಡು ದಿಕ್ಕಿರುವಾಗ ಹೆಣ್ಣಿಗೆ ಪಟ್ಟವಿಲ್ಲ. ಹೀಗಾಗಿ ಒಂದೇ ದಿನ ಇಂಗ್ಲೆಂಡ್ ವಿಕ್ಟೋರಿಯಾಗೆ ಬಂತು, ಹ್ಯಾನೋವರ್ ಚಿಕ್ಕಪ್ಪ ಅರ್ನೆಸ್ಟ್ ಅಗಸ್ಟಸ್‌ಗೆ ಹೋಯಿತು. 123 ವರ್ಷ ಜತೆಗಿದ್ದ ಎರಡು ಸಿಂಹಾಸನಗಳು ಒಬ್ಬ ಹುಡುಗಿ ಬಂದಳೆಂದು ಬೇರೆಯಾದವು.

ಸೇತುವೆಯಾದ ಹೆಣ್ಣುಮಕ್ಕಳು

ಇದೆಲ್ಲ ದೂರದ ಮಾತು, ನಮ್ಮ ಕಡೆ ಹೇಗಿತ್ತು ಎಂದು ಕೇಳುತ್ತೀರಿ. ನಮ್ಮಲ್ಲಿ ಸೇತುವೆಗಳು ಬಹಳ.

ವಾರಂಗಲ್ಲಿನ ಕಾಕತೀಯ ಗಣಪತಿದೇವನಿಗೆ ಗಂಡು ಮಕ್ಕಳಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಅವನು ಮಗಳು ರುದ್ರಮದೇವಿಗೇ ಪಟ್ಟ ಕಟ್ಟಿದ. ದೊಡ್ಡ ಮನಸ್ಸು, ನಿಜ. ಆದರೆ ಶಾಸನಗಳಲ್ಲಿ ಆಕೆಯ ಹೆಸರು 'ರುದ್ರದೇವ ಮಹಾರಾಜ'! ಆಳಿದ್ದು ಹೆಣ್ಣು, ಬರೆಸಿದ್ದು ಗಂಡಿನ ಹೆಸರು. ಆಕೆಯ ನಂತರ ಪಟ್ಟ ಹೋದದ್ದು ಮಗಳ ಮಗ ಪ್ರತಾಪರುದ್ರನಿಗೆ.

ನಮ್ಮ ಮೈಸೂರಿಗೇ ಬನ್ನಿ. ತಲಕಾಡಿನ ಅಲಮೇಲಮ್ಮನ ಶಾಪದ ಕಥೆ ನಿಮಗೆ ಗೊತ್ತಿರುವುದೇ. ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂದು ಆಕೆ ಶಪಿಸಿ ಕಾವೇರಿಗೆ ಹಾರಿದಳೆಂದು ಜನ ಇಂದಿಗೂ ಹೇಳುತ್ತಾರೆ. ಶಾಪದ ಮಾತು ಹಾಗಿರಲಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಗಂಡು ದಿಕ್ಕಿಲ್ಲದಾಗ 1865ರಲ್ಲಿ ಅವರು ದತ್ತು ಪಡೆದದ್ದು ಯಾರನ್ನು? ತಮ್ಮ ಮಗಳು ಪುಟ್ಟಮ್ಮಣ್ಣಿಯವರ ಮಗ ಚಾಮರಾಜೇಂದ್ರನನ್ನು. ಈಚೆಗೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಪ್ರಮೋದಾದೇವಿಯವರು ದತ್ತು ಪಡೆದ ಯದುವೀರ್ ಯಾರು? ಶ್ರೀಕಂಠದತ್ತರ ಅಕ್ಕ ಗಾಯತ್ರಿದೇವಿಯವರ ಮಗಳ ಮಗ! 1971ರಲ್ಲೇ ಸಂವಿಧಾನದ ತಿದ್ದುಪಡಿಯಿಂದ ರಾಜರಿಗಿದ್ದ ಮಾನ್ಯತೆಯೂ ರಾಜಧನವೂ ಹೋಗಿರುವುದರಿಂದ ಈಗಿನ ಪಟ್ಟ ಮನೆತನದ ಸಂಪ್ರದಾಯವಷ್ಟೆ. ಆದರೂ ಲೆಕ್ಕ ನೋಡಿ. ನೂರೈವತ್ತು ವರ್ಷದ ಅಂತರದಲ್ಲಿ ಎರಡು ಸಲ ವಂಶದ ಬಳ್ಳಿ ಒಣಗುವ ಹಾಗಾದಾಗ ಅದಕ್ಕೆ ನೀರೆರೆದದ್ದು ಹೆಣ್ಣುಮಕ್ಕಳ ಒಡಲು.

ತಿರುವಾಂಕೂರಿನಲ್ಲಿ ಈ ಸೇತುವೆಯೇ ರಾಜಮಾರ್ಗ. ಅಲ್ಲಿನದು ಮರುಮಕ್ಕತ್ತಾಯಂ, ಅಂದರೆ ಅಳಿಯ ಸಂತಾನ. ರಾಜನ ಮಗ ರಾಜನಲ್ಲ, ರಾಜನ ಸೋದರಿಯ ಮಗ ರಾಜ. ಉಳಿದ ಅರಮನೆಗಳಲ್ಲಿ ಗಂಡಿಲ್ಲವೆಂದು ಗಂಡು ಮಗುವನ್ನು ದತ್ತು ಪಡೆದರೆ, ಇಲ್ಲಿ ಹೆಣ್ಣಿಲ್ಲವೆಂದು ಹೆಣ್ಣು ಮಗುವನ್ನು ದತ್ತು ಪಡೆಯುತ್ತಿದ್ದರು! 1900ರಲ್ಲಿ ಹಾಗೆ ಇಬ್ಬರು ಪುಟ್ಟ ಹುಡುಗಿಯರನ್ನು ಅರಮನೆಗೆ ತಂದರು. ಇಬ್ಬರೂ ಚಿತ್ರಕಾರ ರಾಜಾ ರವಿವರ್ಮರ ಮೊಮ್ಮಕ್ಕಳು. ಅವರಲ್ಲಿ ಕಿರಿಯಾಕೆಯ ಮಗನೇ 1931ರಲ್ಲಿ ಅಧಿಕಾರ ವಹಿಸಿಕೊಂಡ ಚಿತ್ತಿರ ತಿರುನಾಳ್ ಮಹಾರಾಜ. ಹಿರಿಯಾಕೆ ಸೇತು ಲಕ್ಷ್ಮೀಬಾಯಿ ಅದಕ್ಕೆ ಮುಂಚೆ ಏಳು ವರ್ಷ, 1924ರಿಂದ 1931ರವರೆಗೆ, ರಾಜ್ಯವನ್ನು ಆಳಿದರು. ಆಳಿದ್ದೇನೋ ಸರಿ, ಆದರೆ ಹುಡುಗ ದೊಡ್ಡವನಾಗುವವರೆಗೆ ಮಾತ್ರ.

ತುಳುನಾಡಿನ ಅಳಿಯಕಟ್ಟಿಗೂ ಒಂದು ಕಥೆಯುಂಟು. ದೇವಪಾಂಡ್ಯನೆಂಬ ಅರಸ ಹಡಗು ಕಟ್ಟಿಸಿದಾಗ ಕುಂಡೋದರನೆಂಬ ಭೂತ ನರಬಲಿ ಕೇಳಿತಂತೆ. ಅರಸನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡೆನೆಂದಳು. ಆಗ ಅರಸನ ತಂಗಿ ತನ್ನ ಮಗನನ್ನು ಕರೆತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯ. ಅಂದಿನಿಂದ ಆಸ್ತಿ, ಪಟ್ಟ ಎಲ್ಲವೂ ಸೋದರಿಯ ಮಕ್ಕಳಿಗೆ ಎಂದಾಯಿತು ಎನ್ನುತ್ತಾರೆ. ಈ ಕಟ್ಟಿನ ಚೌಟ ಮನೆತನದಲ್ಲೇ ಹದಿನಾರನೆಯ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಸೋದರಮಾವನ ನಂತರ ಪಟ್ಟಕ್ಕೆ ಬಂದು ಪೋರ್ಚುಗೀಸರನ್ನು ಎದುರಿಸಿದಳು. ತುಳುನಾಡಿನ ಕುಟುಂಬಗಳಲ್ಲಿ ಯಜಮಾನನಷ್ಟೇ ಅಲ್ಲ, 'ಯಜಮಾನ್ತಿ'ಯೂ ಇರಬಹುದಿತ್ತು ಎನ್ನುವುದು ನೆನಪಿಡಬೇಕಾದ ಸಂಗತಿ.

ಕಾವಲು ಕಾದವರು

ಸೇತುವೆಯಾದವರ ಜತೆಗೆ ಕಾವಲು ಕಾದವರನ್ನೂ ಮರೆಯಬಾರದು. ಪಟ್ಟ ಮಗನದ್ದು, ಹೊಣೆ ಮಾತ್ರ ತಾಯಿಯದು!

ಕೆಳದಿಯ ಚೆನ್ನಮ್ಮ ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಇಪ್ಪತ್ತೈದು ವರ್ಷ ರಾಜ್ಯವಾಳಿದಳು. ಬಸಪ್ಪನೆಂಬ ಹುಡುಗನನ್ನು ದತ್ತು ಪಡೆದು ಬೆಳೆಸಿದಳು. 1689ರಲ್ಲಿ ಔರಂಗಜೇಬನ ಸೇನೆ ಬೆನ್ನಟ್ಟಿ ಬಂದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಧೀರೆ ಆಕೆ.

ಕಿತ್ತೂರಿನ ಚೆನ್ನಮ್ಮ ಕತ್ತಿ ಹಿಡಿದದ್ದೂ ಉತ್ತರಾಧಿಕಾರದ ಪ್ರಶ್ನೆಗಾಗಿಯೇ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಸಾಯುವ ಮುನ್ನ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ "ಈ ದತ್ತು ಸಲ್ಲದು" ಎಂದ. "ನಮ್ಮ ಮನೆಯ ವಾರಸುದಾರ ಯಾರೆಂದು ಹೇಳಲು ನೀನು ಯಾರು?" ಎನ್ನುವುದೇ ಚೆನ್ನಮ್ಮನ ಹೋರಾಟದ ತಿರುಳು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಮುಚ್ಚಿದಳು.

ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತೇ ವರ್ಷ. 1902ರವರೆಗೆ ರಾಜ್ಯದ ಭಾರ ಹೊತ್ತವರು ತಾಯಿ ವಾಣಿವಿಲಾಸ ಸನ್ನಿಧಾನ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು, ಮಾರಿಕಣಿವೆಯ ಅಣೆಕಟ್ಟು ಶುರುವಾದದ್ದು ಅವರ ಕಾಲದಲ್ಲೇ. ಎಂಟು ವರ್ಷ ರಾಜ್ಯಭಾರ ಮಾಡಬಲ್ಲ ಹೆಣ್ಣು ಮಗನಿಗೆ ಹದಿನೆಂಟಾದ ಕೂಡಲೇ ಹಿಂದೆ ಸರಿದು ನಿಲ್ಲಬೇಕು. ಇದೇ ಅಂದಿನ ರೀತಿ.

ಹಾಗಂತ ಎಲ್ಲ ಕಡೆಯೂ ಹೀಗೇ ಇತ್ತೆನ್ನಬೇಡಿ. ಭೋಪಾಲದಲ್ಲಿ 1819 ಮತ್ತು 1926ರ ನಡುವೆ ನಾಲ್ವರು ಬೇಗಂಗಳು ಆಳಿದರು. ಕುದ್‌ಸಿಯಾ, ಸಿಕಂದರ್, ಶಾಹಜಹಾನ್, ಸುಲ್ತಾನ್ ಜಹಾನ್. ತಾಯಿ, ಮಗಳು, ಮೊಮ್ಮಗಳು, ಮರಿಮಗಳು! ಮನಸ್ಸಿದ್ದರೆ ಮಾರ್ಗವುಂಟು.

ತಮ್ಮ ಹುಟ್ಟಿದ ಮೇಲೆ

ಇನ್ನು ಕೆಲವು ದೇಶಗಳ ಕ್ರಮ ನಡುವಿನದು. ಮಗಳಿಗೂ ಹಕ್ಕುಂಟು, ಆದರೆ ತಮ್ಮ ಹುಟ್ಟಲಿಲ್ಲವಾದರೆ ಮಾತ್ರ. ಎರಡನೆಯ ಎಲಿಜಬೆತ್ 1952ರಲ್ಲಿ ರಾಣಿಯಾದದ್ದು ಅಣ್ಣತಮ್ಮಂದಿರು ಇಲ್ಲದ್ದರಿಂದ. ಆಕೆಯ ಮಗಳು ಆನ್ ಹುಟ್ಟಿದ್ದು 1950ರಲ್ಲಿ. ಆಮೇಲೆ 1960ರಲ್ಲಿ ಆಂಡ್ರ್ಯೂ, 1964ರಲ್ಲಿ ಎಡ್ವರ್ಡ್ ಹುಟ್ಟಿದರು. ಒಬ್ಬೊಬ್ಬ ತಮ್ಮ ಹುಟ್ಟಿದಾಗಲೂ ಅಕ್ಕ ಸಾಲಿನಲ್ಲಿ ಒಂದೊಂದು ಹೆಜ್ಜೆ ಹಿಂದಕ್ಕೆ! ಸ್ಪೇನಿನಲ್ಲಿ 2014ರಲ್ಲಿ ರಾಜನಾದ ಆರನೆಯ ಫೆಲಿಪೆಗೆ ಇಬ್ಬರು ಅಕ್ಕಂದಿರಿದ್ದಾರೆ. ಅವನು ಮನೆಗೆ ಕೊನೆಯ ಮಗ. ಆದರೂ ಪಟ್ಟ ಅವನಿಗೇ.

ಇದನ್ನು ಮೊದಲು ಬದಲಿಸಿದ್ದು ಸ್ವೀಡನ್. ಅಲ್ಲಿನ ದೊರೆ ಕಾರ್ಲ್ ಗುಸ್ತಾಫನಿಗೇ ನಾಲ್ವರು ಅಕ್ಕಂದಿರು. ಅವರೆಲ್ಲರನ್ನೂ ದಾಟಿ ಬಂದ ಪಟ್ಟ ಅವನದು. ಅವನಿಗೆ 1977ರ ಜುಲೈನಲ್ಲಿ ಮಗಳು ವಿಕ್ಟೋರಿಯಾ ಹುಟ್ಟಿದಳು, 1979ರ ಮೇ ತಿಂಗಳಲ್ಲಿ ಮಗ ಕಾರ್ಲ್ ಫಿಲಿಪ್. ಮಗ ಹುಟ್ಟುತ್ತಲೇ ಯುವರಾಜ. ಅಷ್ಟರಲ್ಲಿ ಸಂಸತ್ತು ಕಾನೂನು ತಿದ್ದಿತು: ಗಂಡಾಗಲಿ ಹೆಣ್ಣಾಗಲಿ, ಮೊದಲ ಮಗುವಿಗೇ ಪಟ್ಟ. 1980ರ ಜನವರಿ 1ರಂದು ಎರಡೂವರೆ ವರ್ಷದ ವಿಕ್ಟೋರಿಯಾ ಯುವರಾಣಿಯಾದಳು. ಏಳು ತಿಂಗಳ ತಮ್ಮ ಕೆಳಗಿಳಿದ. ಪಾಪ, ಮಗುವಿಗೆ ಏನು ಗೊತ್ತು, ತೊಟ್ಟಿಲಲ್ಲಿ ಆಡಿಕೊಂಡೇ ಇದ್ದಿರಬೇಕು! ತಂದೆಗೆ ಮಾತ್ರ ಇದು ಹಿಡಿಸಲಿಲ್ಲ, ಅದನ್ನು ಅವನು ಬಹಿರಂಗವಾಗಿಯೇ ಹೇಳಿದ. ಆದರೆ ದೇಶದ ಕಾನೂನು ಕಾನೂನೇ. ವಿಕ್ಟೋರಿಯಾಳ ಚೊಚ್ಚಲ ಮಗುವೂ ಹೆಣ್ಣೇ. 2012ರಲ್ಲಿ ಹುಟ್ಟಿದ ಎಸ್ತೆಲ್.

ನೆದರ್‌ಲೆಂಡ್ಸ್ 1983ರಲ್ಲಿ, ನಾರ್ವೆ 1990ರಲ್ಲಿ, ಬೆಲ್ಜಿಯಂ 1991ರಲ್ಲಿ, ಡೆನ್ಮಾರ್ಕ್ 2009ರಲ್ಲಿ ಇದೇ ದಾರಿ ಹಿಡಿದವು. ನಾರ್ವೆಯಲ್ಲಿ ಒಂದು ಗೆರೆ ಎಳೆದರು. 1990ಕ್ಕೆ ಮುಂಚೆ ಹುಟ್ಟಿದವರಲ್ಲಿ ಗಂಡಿಗೇ ಮೊದಲ ಹಕ್ಕು ಉಳಿಯಿತು. 1971ರಲ್ಲಿ ಹುಟ್ಟಿದ ಅಕ್ಕ ಮಾರ್ಥಾ ಲೂಯಿಸ್ ಹಿಂದೆ, 1973ರಲ್ಲಿ ಹುಟ್ಟಿದ ತಮ್ಮ ಹಾಕೊನ್ ಮುಂದೆ. ಇಂಗ್ಲೆಂಡಿನಲ್ಲೂ ಹಾಗೇ. 2013ರ ಕಾನೂನು ಅನ್ವಯವಾಗುವುದು 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ. ಹೀಗಾಗಿ ಆನ್ ಅವರ ಸ್ಥಾನ ಬದಲಾಗಲಿಲ್ಲ. ಆದರೆ 2015ರಲ್ಲಿ ಹುಟ್ಟಿದ ಷಾರ್ಲೆಟ್ ತಮ್ಮ ಲೂಯಿ 2018ರಲ್ಲಿ ಹುಟ್ಟಿದಾಗ ಹಿಂದೆ ಸರಿಯಬೇಕಾಗಲಿಲ್ಲ.

ಜಪಾನಿನದು ಬೇರೆ ಕಥೆ. ಅಲ್ಲಿ ಹಿಂದೆ ಎಂಟು ಮಂದಿ ಮಹಿಳೆಯರು ಸಿಂಹಾಸನ ಏರಿದ್ದರು. 1947ರ ಕಾನೂನಾದರೋ ಗಂಡು ದಿಕ್ಕಿನ ಗಂಡಿಗೆ ಮಾತ್ರ ಪಟ್ಟ ಎಂದಿತು. ಈಗಿನ ಚಕ್ರವರ್ತಿ ನರುಹಿತೊ ಅವರಿಗೆ 2001ರಲ್ಲಿ ಹುಟ್ಟಿದ ಐಕೊ ಒಬ್ಬಳೇ ಮಗಳು. 2005ರಲ್ಲಿ ತಜ್ಞರ ಸಮಿತಿ ಮೊದಲ ಮಗುವಿಗೇ ಪಟ್ಟವಿರಲಿ ಎಂದು ಸಲಹೆ ಕೊಟ್ಟಿತು. 2006ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿಯ ತಮ್ಮನಿಗೆ ಗಂಡು ಮಗು ಹುಟ್ಟಿತು. ಆ ಸಲಹೆ ಕಪಾಟು ಸೇರಿತು! ಆ ಮನೆತನದ ಹೆಣ್ಣು ಹೊರಗಿನವರನ್ನು ಮದುವೆಯಾದರೆ ಅರಮನೆಯ ನಂಟೇ ಕಳೆಯುವುದೂ ಅದೇ ಕಾನೂನಿನಿಂದ. 2021ರಲ್ಲಿ ರಾಜಕುಮಾರಿ ಮಾಕೊ ಮದುವೆಯಾದಾಗ ಹಾಗೇ ಆಯಿತು. "ಮದುವೆಯಾಗಿ ಹೋದವಳು ಹೊರಗಿನವಳು" ಎಂಬ ಮಾತನ್ನು ನೀವು ಎಲ್ಲೋ ಹತ್ತಿರದಲ್ಲೇ ಕೇಳಿದ ಹಾಗಿದೆಯಲ್ಲವೇ?

ನಮ್ಮ ನಿಮ್ಮ ಮನೆಯ ವಂಶವೃಕ್ಷ

ಹೌದು, ಈಗ ಮನೆಗೆ ಬಂದೆವು. ನಮಗೆ ಸಿಂಹಾಸನವಿಲ್ಲ, ಬಿಡಿ. ಎರಡೆಕರೆ ಹೊಲವೋ, ಅಜ್ಜ ಕಟ್ಟಿಸಿದ ಹಳೆಯ ಮನೆಯೋ ಇದ್ದೀತು. ಅಲ್ಲಿಯೂ ಪಟ್ಟದ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಮನೆಗಳಲ್ಲೂ ಮಗಳು ಸೇತುವೆಯಾಗಿದ್ದಾಳೆ, ಕಾವಲು ಕಾದಿದ್ದಾಳೆ, ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿದಿದ್ದಾಳೆ.

ಇಲ್ಲಿಯೂ ಕಾನೂನು ಹಂತ ಹಂತವಾಗಿ ಬದಲಾಗಿದೆ. ಹೆಣ್ಣಿಗೆ ಪಟ್ಟವಿಲ್ಲದ ಮೈಸೂರು ಸಂಸ್ಥಾನವೇ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು, ಮನೆ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಭಾಗ ಸಿಗುವಂತೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮ ಮಾಡಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡಿಗೇ ಉಳಿಯಿತು. ಕರ್ನಾಟಕ 1994ರ ಜುಲೈ 30ರಿಂದ ಆ ಹಕ್ಕನ್ನೂ ಹೆಣ್ಣಿಗೆ ಕೊಟ್ಟಿತು, ಆದರೆ ನಾರ್ವೆಯವರ ಹಾಗೆ ಒಂದು ಗೆರೆ ಎಳೆದು! ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. ಒಂದೇ ಮನೆಯಲ್ಲಿ ತಂಗಿಗೆ ಉಂಟು, ಅಕ್ಕನಿಗೆ ಇಲ್ಲ. ಆ ಗೆರೆಯನ್ನು ಅಳಿಸಿದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು, ಸಾಲದ ಹೊಣೆಯೂ ಅಷ್ಟೇ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿಹೋದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ಇದು ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳ ಮಾತು, ಉಳಿದವರಿಗೆ ಅವರವರ ಕಾನೂನುಗಳಿವೆ. ತಂದೆ ತಾನೇ ಸಂಪಾದಿಸಿದ್ದನ್ನು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು ಎಂಬುದೂ ನೆನಪಿರಲಿ.

ಕಾನೂನು ಬದಲಾದರೆ ಸಾಲದು, ಕಾಗದದಲ್ಲೂ ಹೆಸರಿರಬೇಕು. ಮನೆಯ ಹಿರಿಯರು ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ 'ವಂಶವೃಕ್ಷ' ಕೇಳುತ್ತಾರೆ. ಹೆಸರೇನೋ ಅರಮನೆಯದು, ಸಿಗುವುದು ನಾಡಕಚೇರಿಯಲ್ಲಿ! ಎಷ್ಟೋ ಮನೆಗಳಲ್ಲಿ ಆ ವೃಕ್ಷದಲ್ಲಿ ಗಂಡುಮಕ್ಕಳ ಕೊಂಬೆಗಳಷ್ಟೇ ಕಾಣುತ್ತವೆ. "ಅವಳಿಗೆ ಮದುವೆಯಲ್ಲಿ ಒಡವೆ ಹಾಕಿಲ್ಲವೇ, ಅವಳ ಹೆಸರು ಯಾಕೆ?" ಎನ್ನುತ್ತಾರೆ. ಒಡವೆ ಹಾಕಿದ್ದು ಪ್ರೀತಿಗೆ. ವಂಶವೃಕ್ಷದಲ್ಲಿ ಹೆಸರು ಬರೆಸುವುದು ಸತ್ಯಕ್ಕೆ. ನೀವು ಆ ಮನೆಯಲ್ಲಿ ಹುಟ್ಟಿದ್ದು ಸುಳ್ಳೇನು?

ಇನ್ನೊಂದು ಎಚ್ಚರಿಕೆ. ಹಬ್ಬಕ್ಕೆಂದು ಕರೆದು, ಊಟ ಬಡಿಸಿ, "ಇಲ್ಲೊಂದು ರುಜು ಹಾಕಮ್ಮ" ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಡುವುದುಂಟು. ಬಿಟ್ಟುಕೊಡುವುದು ತಪ್ಪಲ್ಲ. ಅಣ್ಣ ಕಷ್ಟದಲ್ಲಿದ್ದಾನೆ, ತಾಯಿಯನ್ನು ಅವನೇ ನೋಡಿಕೊಂಡ ಎಂದು ಸಂತೋಷದಿಂದ ಬಿಟ್ಟುಕೊಟ್ಟ ಅಕ್ಕತಂಗಿಯರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಿಡುವುದು ಏನೆಂದು ತಿಳಿದು ಬಿಡಿ. ಕಾಗದವನ್ನು ಮನೆಗೆ ತನ್ನಿ, ಎರಡು ದಿನ ಇಟ್ಟುಕೊಳ್ಳಿ, ಬಲ್ಲವರಿಂದ ಓದಿಸಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಒಂದು ಮಾತು ತಾಯಂದಿರಿಗೆ. ಚಿತ್ರವಾಹನನಿಗೂ ಗಣಪತಿದೇವನಿಗೂ ಮಗಳ ನೆನಪಾದದ್ದು ಮಗನಿಲ್ಲದಾಗ. ಸ್ವೀಡನ್ನಿನವರಿಗೆ ನೆನಪಾದದ್ದು ತೊಟ್ಟಿಲಲ್ಲಿ ಮಗನಿರುವಾಗಲೇ. ಪಟ್ಟದ ಕಟ್ಟಳೆ ಆಕಾಶದಿಂದ ಇಳಿದದ್ದಲ್ಲ. ಮನುಷ್ಯರು ಬರೆದರು, ಬೇಕಾದಾಗ ತಿದ್ದಿದರು. ನಿಮ್ಮ ಮನೆಯ ಕಟ್ಟಳೆಯನ್ನು ಬರೆಯುವವರು ನೀವೇ. ನಿಮ್ಮ ಮಗಳ ಹೆಸರನ್ನು ಮಗನ ಹೆಸರಿನ ಪಕ್ಕದಲ್ಲಿ, ಅದೇ ಅಕ್ಷರದಲ್ಲಿ, ಅದೇ ಸಾಲಿನಲ್ಲಿ ಬರೆಸಿಡಿ. ಆ ಕೆಲಸಕ್ಕೆ ಒಳ್ಳೆಯ ಕಾಲ ಮಕ್ಕಳು ಇನ್ನೂ ಒಂದೇ ತಟ್ಟೆಯಲ್ಲಿ ಹಂಚಿಕೊಂಡು ತಿನ್ನುವ ಕಾಲವೇ.